ಸೂರಕ್ಕಿ ನಮ್ಮ ಮನೆಯಲ್ಲೂ ಉಂಟು, ಟೀಚರ್!

ಜೂನ್ ಬಂತು, ಮಳೆ ಬಂತು, ಕೇರಳದ ಶಾಲೆಗಳಿಗೆ ವಾಚನಾ ಸಪ್ತಾಹವೂ ಬಂತು. ಗಡಿನಾಡಿನ ಕನ್ನಡ ಶಾಲೆಯ ಕಪಾಟಿನಲ್ಲಿ ಈ ವರ್ಷ ಯಾವ ಹೊಸ ಪುಸ್ತಕ ಇರಬೇಕು? ಮನೆಯಲ್ಲಿ ತುಳು, ಬ್ಯಾರಿ, ಉರ್ದು ಆಡಿ ಶಾಲೆಯಲ್ಲಿ ಕನ್ನಡ ಓದುವ ಉಪ್ಪಳದ ಮಕ್ಕಳ ಪಕ್ಕದಲ್ಲಿ ಕೂತು ಹುಡುಕಿದ ಉತ್ತರ ಇಲ್ಲಿದೆ.

ಕಪಾಟಿನ ಬಾಗಿಲು ಸುಲಭಕ್ಕೆ ತೆರೆಯಲಿಲ್ಲ. ಮಳೆಯ ತೇವಕ್ಕೆ ಹಲಗೆ ಉಬ್ಬಿತ್ತು. ಟೀಚರ್ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದರು. ಒಳಗಿಂದ ನಾಫ್ತಲೀನ್ ಗುಳಿಗೆಯ ವಾಸನೆ, ಅದರ ಹಿಂದೆಯೇ ಬೂಷ್ಟಿನ ವಾಸನೆ ಬಂತು. ಮಕ್ಕಳು ಮೂಗು ಮುಚ್ಚಿಕೊಂಡೇ ಮುಂದೆ ಬಂದರು.

ಕಾಸರಗೋಡಿನ ಉಪ್ಪಳ ಪೇಟೆಯಿಂದ ಗುಡ್ಡೆಯ ಕಡೆಗೆ ಹೋಗುವ ದಾರಿಯಲ್ಲಿರುವ ಒಂದು ಸಣ್ಣ ಕನ್ನಡ ಶಾಲೆ ಅದು. ಹೊರಗೆ ಆಷಾಢಕ್ಕೆ ಮೊದಲಿನ ಮಳೆ ಹಂಚಿನ ಮೇಲೆ ಸುರಿಯುತ್ತಿತ್ತು. ಜಗಲಿಯಲ್ಲಿ ಕೊಡೆಗಳು ಬಿಡಿಸಿಕೊಂಡು ಒಣಗುತ್ತಿದ್ದವು. ಮಂಗಳೂರಿನಿಂದ ಬಸ್ಸಿನಲ್ಲಿ ಒಂದು ಚೀಲ ಹೊಸ ಪುಸ್ತಕ ಹೊತ್ತು ತಂದಿದ್ದೆ. ಅವನ್ನು ಕಪಾಟಿಗೆ ಸೇರಿಸುವ ಮೊದಲು ಒಂದೊಂದಾಗಿ ಮಕ್ಕಳಿಗೆ ತೋರಿಸೋಣ ಎಂದು ಟೀಚರ್ ಹೇಳಿದರು.

ಒಂದು ಪುಸ್ತಕ ಎತ್ತಿ ಹೆಸರು ಓದಿದರು. 'ಸೂರಕ್ಕಿ ಗೇಟ್'. ಗೇಟ್ ಎಲ್ಲರಿಗೂ ಗೊತ್ತು. ಉಪ್ಪಳದಲ್ಲಿ ರೈಲ್ವೇ ಗೇಟೇ ಒಂದು ಊರಿನ ಹೆಸರು. ಸೂರಕ್ಕಿ ಎಂದರೇನು? ಯಾರೂ ಬಾಯಿ ಬಿಡಲಿಲ್ಲ. "ದಾಸವಾಳದ ಹೂವಿಗೆ ನೇತುಕೊಂಡು, ಉದ್ದ ಬಗ್ಗಿದ ಕೊಕ್ಕು ಹಾಕಿ ಜೇನು ಹೀರುತ್ತದಲ್ಲ, ಹೆಬ್ಬೆರಳಿನಷ್ಟು ಹಕ್ಕಿ..." ಎಂದು ಟೀಚರ್ ಬೆರಳನ್ನೇ ಕೊಕ್ಕು ಮಾಡಿ ತೋರಿಸಿದರು.

ಎರಡನೇ ಸಾಲಿನ ಹುಡುಗಿ ಎದ್ದು ನಿಂತಳು. "ಉಂದು ಎಂಕ್ಳೆ ಇಲ್ಲಡ್ ಉಂಡು!" ತುಳುವಿನಲ್ಲಿ ಹೇಳಿದ್ದು ತಪ್ಪಾಯಿತೋ ಎಂಬಂತೆ ತುಟಿ ಕಚ್ಚಿ, ಮತ್ತೆ ಕನ್ನಡದಲ್ಲಿ ಹೇಳಿದಳು: "ನಮ್ಮ ಮನೆಯಲ್ಲೂ ಉಂಟು, ಟೀಚರ್. ಬಟ್ಟೆ ಒಣಗಿಸುವ ಸರಿಗೆಯಲ್ಲಿ ಗೂಡು ಕಟ್ಟಿದೆ."

ಆ ಪುಸ್ತಕಕ್ಕೆ ಅಲ್ಲಿಯೇ ಮೊದಲ ಓದುಗಾರ್ತಿ ಸಿಕ್ಕಳು.

ಜೂನ್ 19ರ ಹಿಂದಿನ ಮನುಷ್ಯ

ಕೇರಳದಲ್ಲಿ ಶಾಲೆ ತೆರೆದು ಮೂರನೇ ವಾರಕ್ಕೆ ವಾಚನಾ ದಿನ ಬರುತ್ತದೆ. ಪಿ.ಎನ್. ಪಣಿಕ್ಕರ್ ತೀರಿಕೊಂಡದ್ದು 1995ರ ಜೂನ್ 19ರಂದು. ಮರುವರ್ಷದಿಂದ ಆ ದಿನ ರಾಜ್ಯಕ್ಕೆಲ್ಲ ಓದಿನ ದಿನವಾಯಿತು. ಅಲ್ಲಿಂದ 25ರವರೆಗೆ ಓದಿನ ವಾರ.

ಪಣಿಕ್ಕರ್ ಶಾಲಾ ಮಾಸ್ತರರು. 1945ರಲ್ಲಿ ಅವರು ಅಂಬಲಪ್ಪುಳದಲ್ಲಿ ಒಟ್ಟುಗೂಡಿಸಿದ್ದು 47 ವಾಚನಾಲಯಗಳನ್ನು. ಆ ಸಂಘಟನೆ ಬೆಳೆದು ಇವತ್ತು ಕೇರಳ ರಾಜ್ಯ ಲೈಬ್ರರಿ ಕೌನ್ಸಿಲ್ ಆಗಿದೆ. ಎಂಟು ಸಾವಿರಕ್ಕೂ ಹೆಚ್ಚು ಊರ ಲೈಬ್ರರಿಗಳು ಅದರ ತೆಕ್ಕೆಯಲ್ಲಿವೆ. ಮಂಜೇಶ್ವರ ತಾಲೂಕಿನ ಕನ್ನಡ ವಾಚನಾಲಯಗಳೂ ಇದೇ ಬಳ್ಳಿಯ ಕಾಯಿಗಳು.

ಹಾಗಾಗಿ ಉಪ್ಪಳದ ಮಗುವಿಗೆ ಓದಿನ ಹಬ್ಬವೊಂದು ಸರ್ಕಾರದ ಲೆಕ್ಕದಲ್ಲೇ ಸಿಗುತ್ತದೆ. ಅಸೆಂಬ್ಲಿಯಲ್ಲಿ ಪ್ರತಿಜ್ಞೆ, ಪುಸ್ತಕ ಪ್ರದರ್ಶನ, ರಸಪ್ರಶ್ನೆ, ಓದಿದ ಪುಸ್ತಕದ ಬಗ್ಗೆ ಟಿಪ್ಪಣಿ. ಇದು ನಮ್ಮ ಗಡಿನಾಡಿನ ಭಾಗ್ಯ ಎಂದೇ ನಾನು ತಿಳಿದಿದ್ದೇನೆ. ಗಡಿಯ ತಲಪಾಡಿಯ ಆಚೆ ಕರ್ನಾಟಕದ ಶಾಲೆಗಳಲ್ಲಿ ಇಷ್ಟು ಆಳವಾಗಿ ಬೇರೂರಿದ ಓದಿನ ವಾರ ಇಲ್ಲ.

ಕೊರತೆ ಇರುವುದು ಪುಸ್ತಕದಲ್ಲಿ. ಪ್ರದರ್ಶನದ ಮೇಜಿಗೆ ಹೋಗಿ ನೋಡಿ. ಮಲಯಾಳದ ಹೊಸ ಮಕ್ಕಳ ಪುಸ್ತಕಗಳು ಬಣ್ಣಬಣ್ಣವಾಗಿ ಕೂತಿರುತ್ತವೆ. ತಿರುವನಂತಪುರದಲ್ಲಿ ಸರ್ಕಾರದ್ದೇ ಬಾಲಸಾಹಿತ್ಯ ಸಂಸ್ಥೆ ಇದೆ. ಶಾಸ್ತ್ರ ಸಾಹಿತ್ಯ ಪರಿಷತ್ತಿನ 'ಯುರೀಕಾ' ಪತ್ರಿಕೆ 1970ರಿಂದ ಬರುತ್ತಿದೆ. ಪಕ್ಕದ ಕನ್ನಡದ ಮೇಜಿನಲ್ಲಿ ಮಾತ್ರ ಹೋದ ವರ್ಷದ ಪುಸ್ತಕಗಳೇ, ಅದರ ಹಿಂದಿನ ವರ್ಷದವೇ.

ಕನ್ನಡದಲ್ಲಿ ಹೊಸದು ಬರುತ್ತಿಲ್ಲವೆಂದೇನೂ ಇಲ್ಲ. ಕಳೆದ ಹತ್ತು ವರ್ಷ ಕನ್ನಡದ ಮಕ್ಕಳ ಪುಸ್ತಕಕ್ಕೆ ಒಳ್ಳೆಯ ಕಾಲ. ಆದರೆ ಕರ್ನಾಟಕದ ಗ್ರಂಥಾಲಯ ಇಲಾಖೆ ಸಗಟಾಗಿ ಕೊಳ್ಳುವ ಪುಸ್ತಕ ಕರ್ನಾಟಕದ ಗ್ರಂಥಾಲಯಗಳಿಗೆ ಹೋಗುತ್ತದೆ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಕಾಸರಗೋಡಿಗೆ ಆ ದಾರಿ ಇಲ್ಲ. ಇಲ್ಲಿಯ ಕನ್ನಡ ಪಠ್ಯಪುಸ್ತಕಗಳೂ ಕೇರಳದವೇ. ಇಷ್ಟಾಗಿ ಮಂಗಳೂರು ಇಲ್ಲಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಹೆದ್ದಾರಿ ಆರು ಪಥದ್ದಾಗಿದೆ. ಮೀನು, ಮಲ್ಲಿಗೆ, ಔಷಧಿ, ಕಾಲೇಜಿಗೆ ಹೋಗುವ ಮಕ್ಕಳು ದಿನಾ ಗಡಿ ದಾಟುತ್ತಾರೆ. ಮಕ್ಕಳ ಕತೆ ಪುಸ್ತಕವೊಂದು ದಾಟಬೇಕಾದರೆ ಯಾರಾದರೂ ಚೀಲದಲ್ಲಿ ಹೊತ್ತು ತರಬೇಕು.

ಒಂದು ಬೆಂಚು, ಐದು ಮಾತು

ಕಾಸರಗೋಡನ್ನು ಸಪ್ತಭಾಷಾ ಭೂಮಿ ಎನ್ನುತ್ತೇವೆ. ಸಭೆಗಳಲ್ಲಿ ಕೇಳಿ ಕೇಳಿ ಸವೆದ ಮಾತು ಅದು. ಉಪ್ಪಳದ ತರಗತಿಯ ಒಂದು ಬೆಂಚಿನಲ್ಲಿ ಕೂತರೆ ಮಾತ್ರ ಅದರ ತೂಕ ತಿಳಿಯುತ್ತದೆ.

ಆ ದಿನ ಟೀಚರ್ ಕಪ್ಪು ಹಲಗೆಯ ಮೇಲೆ 'ಬೆಕ್ಕು' ಎಂದು ಬರೆದು, ನಿಮ್ಮ ಮನೆಯಲ್ಲಿ ಏನು ಹೇಳುತ್ತೀರಿ ಎಂದು ಕೇಳಿದರು. 'ಪುಚ್ಚೆ' ಎಂದ ತುಳುವಿನ ಹುಡುಗ. 'ಪೂಚ್ಚ' ಎಂದಳು ಮಲಯಾಳದವಳು. ಇಬ್ಬರೂ ಮುಖ ನೋಡಿಕೊಂಡು ನಕ್ಕರು. 'ಬಿಲ್ಲಿ' ಎಂದಿತು ಉರ್ದುವಿನ ಮನೆಯ ಮಗು. ಕೊಂಕಣಿಯ ಹುಡುಗಿ 'ಮಾಜ್ಜರ್' ಎಂದಳು. ಬೆಕ್ಕನ್ನು ಬೆಕ್ಕು ಎಂದೇ ಕರೆಯುವ ಮನೆಯಿಂದ ಬಂದ ಮಕ್ಕಳು ಆ ತರಗತಿಯಲ್ಲಿ ಮೂವರೇ.

ಇಲ್ಲಿ ಕನ್ನಡ ಅನೇಕ ಮಕ್ಕಳಿಗೆ ಎರಡನೇ ಮಾತು, ಕೆಲವರಿಗೆ ಮೂರನೆಯದು. ಅವರು ಕನ್ನಡ ಕಲಿಯುವುದು ಪಾಠದ ಕನ್ನಡವಾಗಿ. ಪಾಠದ ಕನ್ನಡ ಪ್ರಶ್ನೆ ಕೇಳುತ್ತದೆ, ಅಂಕ ಕೊಡುತ್ತದೆ. ಅಳುವ, ರೇಗಿಸುವ, ಸುಳ್ಳು ಹೇಳಿ ಸಿಕ್ಕಿಬೀಳುವ ಕನ್ನಡ ಮಗುವಿನ ಕಿವಿಗೆ ಬೀಳುವುದು ಕತೆಯಲ್ಲಿ. ಬೆಂಗಳೂರಿನ ಮಗುವಿಗೆ ಕತೆ ಪುಸ್ತಕ ಒಂದು ಸಂತೋಷವಾದರೆ ಉಪ್ಪಳದ ಮಗುವಿಗೆ ಅದು ಭಾಷೆಯ ಒಳಮನೆಗೆ ಹೋಗುವ ಬಾಗಿಲು. ಬೇರೆ ಬಾಗಿಲು ಹೆಚ್ಚಿಲ್ಲ.

ಆದ್ದರಿಂದಲೇ ಇಲ್ಲಿಗೆ ಪುಸ್ತಕ ಆರಿಸುವ ಕೈ ಇನ್ನಷ್ಟು ಎಚ್ಚರವಾಗಿರಬೇಕು. ಮಗುವಿಗೆ ಗೊತ್ತಿರುವ ಹಕ್ಕಿ, ಗೊತ್ತಿರುವ ಮಳೆ, ಗೊತ್ತಿರುವ ಅಜ್ಜಿ ಪುಸ್ತಕದಲ್ಲಿ ಸಿಕ್ಕಿದರೆ ಗೊತ್ತಿಲ್ಲದ ಪದವನ್ನು ಅದು ತಾನೇ ದಾಟುತ್ತದೆ. ಸೂರಕ್ಕಿಯ ಹುಡುಗಿ ದಾಟಿದ ಹಾಗೆ.

ಈ ಮಣ್ಣಿಗೂ ಓದಿಗೂ ನಂಟಿದ್ದ ನಾಲ್ವರು

*ಪಂಜೆ ಮಂಗೇಶರಾಯರು (1874–1937):* ಬಂಟ್ವಾಳದಲ್ಲಿ ಹುಟ್ಟಿದವರು. ಶಾಲಾ ಇನ್ಸ್‌ಪೆಕ್ಟರಾಗಿ ಊರೂರು ತಿರುಗುತ್ತ ಮಕ್ಕಳಿಗೆ ಏನು ಬೇಕು ಎಂಬುದನ್ನು ಕಣ್ಣಾರೆ ಕಂಡರು. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದರು. 'ಇಲಿಗಳ ಥಕಥೈ', 'ಸಿಗಡಿ ಯಾಕೆ ಒಣಗಲಿಲ್ಲ?' ಇವರವು.

*ಶಿವರಾಮ ಕಾರಂತರು (1902–1997):* ಮೂರು ಸಂಪುಟಗಳ 'ಬಾಲಪ್ರಪಂಚ' 1936ರದು. ಪುತ್ತೂರಿನ ಬಾಲವನ ಇವರ ಮಕ್ಕಳ ಪ್ರಯೋಗಶಾಲೆ.

*ಕಯ್ಯಾರ ಕಿಞ್ಞಣ್ಣ ರೈ (1915–2015):* ಉಪ್ಪಳದ ಒಳನಾಡಿನ ಕಯ್ಯಾರದವರು, ಪೆರಡಾಲದಲ್ಲಿ ಮೇಷ್ಟರಾಗಿದ್ದವರು. ಗಡಿನಾಡಿನ ಹೋರಾಟದ ಕವಿ ಎಂದು ನೆನೆಯುವಾಗ ಅವರು 'ಮಕ್ಕಳ ಪದ್ಯಮಂಜರಿ'ಯ ಕವಿಯೂ ಹೌದು ಎಂಬುದು ಮರೆತುಹೋಗುತ್ತದೆ.

*ಎಸ್.ಆರ್. ರಂಗನಾಥನ್ (1892–1972):* ಭಾರತದ ಗ್ರಂಥಾಲಯ ಶಾಸ್ತ್ರದ ಪಿತಾಮಹ. ಅವರ ಮೊದಲ ಉದ್ಯೋಗ 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನ ಗಣಿತ ಅಧ್ಯಾಪಕ ಹುದ್ದೆ. ಆಗ ಉಪ್ಪಳವೂ ಅದೇ ದಕ್ಷಿಣ ಕನ್ನಡ ಜಿಲ್ಲೆ.

ಕೀಲಿಯ ಕತೆ

ನಾನು ಕಲಿತ ಶಾಲೆಯಲ್ಲೂ ಒಂದು ಕಪಾಟಿತ್ತು. ಗಾಜಿನ ಬಾಗಿಲು. ಒಳಗೆ ಬೆನ್ನು ತೋರಿಸಿ ನಿಂತ ಪುಸ್ತಕಗಳು. ಮೂರು ವರ್ಷ ಅವುಗಳ ಬೆನ್ನಿನ ಹೆಸರು ಓದಿಯೇ ಬಾಯಿಪಾಠ ಮಾಡಿಕೊಂಡಿದ್ದೆ. ಕೀಲಿ ಆಫೀಸಿನ ಮೇಜಿನಲ್ಲಿತ್ತು. ಬಾಗಿಲು ತೆರೆದದ್ದು ತಪಾಸಣೆಗೆ ಸಾಹೇಬರು ಬಂದಾಗ ಒಮ್ಮೆ.

ಆಗ ಮಾಸ್ತರರ ಮೇಲೆ ಸಿಟ್ಟಿತ್ತು. ದೊಡ್ಡವನಾದ ಮೇಲೆ ಅವರ ಸಂಕಟ ಅರ್ಥವಾಯಿತು. ಶಾಲೆಯ ಪ್ರತಿ ಪುಸ್ತಕಕ್ಕೂ ಸ್ಟಾಕ್ ರಿಜಿಸ್ಟರಿನಲ್ಲಿ ಒಂದು ನಂಬ್ರ ಇರುತ್ತದೆ. ಗ್ರಂಥಾಲಯ ನೋಡಿಕೊಳ್ಳುವ ಟೀಚರಿಗೆ ವರ್ಗವಾದರೆ ಅಷ್ಟೂ ಪುಸ್ತಕವನ್ನು ಎಣಿಸಿ ಇನ್ನೊಬ್ಬರಿಗೆ ಒಪ್ಪಿಸಬೇಕು. ಒಂದು ಕಾಣೆಯಾದರೆ ಉತ್ತರ ಕೊಡಬೇಕಾದವರು ಅವರೇ. ಅದು ಅವರ ಮೂಲ ಕೆಲಸವೂ ಅಲ್ಲ. ಗಣಿತವೋ ಸಮಾಜವೋ ಕಲಿಸುತ್ತ ಹೆಚ್ಚುವರಿಯಾಗಿ ಹೊತ್ತದ್ದು. ಬೀಗ ಹಾಕುವುದಕ್ಕಿಂತ ಸುರಕ್ಷಿತ ದಾರಿ ಅವರ ಮುಂದೆ ಯಾವುದಿತ್ತು?

ಪುಸ್ತಕ ಇರುವುದು ಬಳಸುವುದಕ್ಕೆ, ಓದುಗನ ಹೊತ್ತು ಹಾಳಾಗಬಾರದು ಎಂಬ ಅರ್ಥದ ಸೂತ್ರಗಳನ್ನು ರಂಗನಾಥನ್ ಬರೆದದ್ದು 1931ರಲ್ಲಿ. ನಮ್ಮ ರಿಜಿಸ್ಟರುಗಳು ಇನ್ನೂ ಆ ಸೂತ್ರಕ್ಕೆ ಒಗ್ಗಿಲ್ಲ. ಹರಿದ, ಕಳೆದ ಮಕ್ಕಳ ಪುಸ್ತಕವನ್ನು ಒಂದು ಸಹಿಯಲ್ಲಿ ಲೆಕ್ಕದಿಂದ ತೆಗೆಯುವ ಅಧಿಕಾರ ಮುಖ್ಯೋಪಾಧ್ಯಾಯರಿಗೆ ಇರಲಿ. ಹರಿದ ಪುಸ್ತಕ ಓದಿದ ಪುಸ್ತಕ. ಮೂವತ್ತು ವರ್ಷ ಹೊಸದಾಗಿಯೇ ಉಳಿದ ಪುಸ್ತಕದ ಬಗ್ಗೆ ಯಾರೂ ವಿವರಣೆ ಕೇಳುವುದಿಲ್ಲವಲ್ಲ, ಅದು ನನಗೆ ನೋವು.

2009ರ ಶಿಕ್ಷಣ ಹಕ್ಕು ಕಾಯಿದೆ ಪ್ರತಿ ಶಾಲೆಗೂ ಗ್ರಂಥಾಲಯ ಬೇಕೆನ್ನುತ್ತದೆ. ಕತೆ ಪುಸ್ತಕಗಳೂ ಇರಬೇಕೆಂದು ಹೆಸರಿಸಿಯೇ ಹೇಳುತ್ತದೆ. ಸಮಗ್ರ ಶಿಕ್ಷಾ ಯೋಜನೆಯಲ್ಲಿ ಸರ್ಕಾರಿ ಶಾಲೆಗಳಿಗೆ ವರ್ಷಕ್ಕೆ 5,000ದಿಂದ 20,000 ರೂಪಾಯಿಯವರೆಗೆ ಗ್ರಂಥಾಲಯ ಅನುದಾನದ ಅವಕಾಶವಿದೆ. ಐದು ಸಾವಿರಕ್ಕೆ ತೆಳು ಚಿತ್ರಪುಸ್ತಕ ಐವತ್ತರಷ್ಟು ಬಂದಾವು. ಕಡಿಮೆಯೇ. ಆದರೆ ಸರಿಯಾಗಿ ಆರಿಸಿದ ಐವತ್ತು ಪುಸ್ತಕ ಒಂದು ಕಿರಿಯ ಪ್ರಾಥಮಿಕ (ಎಲ್.ಪಿ.) ಶಾಲೆಯ ವರ್ಷವನ್ನು ಬದಲಿಸಬಲ್ಲದು.

ಚೀಲದಲ್ಲಿ ಏನಿತ್ತು?

ಒಂದರಿಂದ ನಾಲ್ಕರ ಮಕ್ಕಳಿಗೆ ಮೊದಲು ಚಿತ್ರ, ಆಮೇಲೆ ಅಕ್ಷರ. ಪುಟಕ್ಕೆ ಎರಡು ಸಾಲು ಸಾಕು. ಬೆಂಗಳೂರಿನಲ್ಲಿ 2004ರಲ್ಲಿ ಶುರುವಾದ ಪ್ರಥಮ್ ಬುಕ್ಸ್ ಈ ಗಾತ್ರದ ಕನ್ನಡ ಪುಸ್ತಕಗಳನ್ನು ರಾಶಿ ರಾಶಿ ತಂದಿದೆ. ಶೃಂಗೇರಿ ಶ್ರೀನಿವಾಸನ ಉದ್ದ ಕೂದಲಿನ ಕತೆಯನ್ನು ಮೂರನೇ ತರಗತಿಗೆ ಓದಿ ಹೇಳಿದೆ. ವರ್ಷಕ್ಕೊಮ್ಮೆ ಕೂದಲು ಕತ್ತರಿಸುವ ದಿನ ಬಂದು, ಯಾರ ಬಳಿ ಹೋದರೂ ಪುರುಸೊತ್ತಿಲ್ಲವೆನ್ನುವಾಗ ಒಬ್ಬ ಹುಡುಗ ತನ್ನ ಜುಟ್ಟು ಹಿಡಿದುಕೊಂಡೇ ಕೇಳುತ್ತಿದ್ದ. ಕತೆ ಮುಗಿದ ಮೇಲೆ ಪುಸ್ತಕ ಕಸಿದುಕೊಂಡು ಮೂಲೆಗೆ ಹೋಗಿ ಚಿತ್ರಗಳ ಮೇಲೆ ಬೆರಳಾಡಿಸುತ್ತ ತನ್ನಷ್ಟಕ್ಕೇ ಮತ್ತೊಮ್ಮೆ ಹೇಳಿಕೊಂಡ. ಅರ್ಧ ಕನ್ನಡ, ಅರ್ಧ ಬ್ಯಾರಿ. ಓದು ಶುರುವಾಗುವುದು ಹೀಗೆ.

ಇದೇ ಸಂಸ್ಥೆ 2015ರ ಸೆಪ್ಟೆಂಬರ್ 8ರಂದು, ಸಾಕ್ಷರತಾ ದಿನದಂದು, ಸ್ಟೋರಿವೀವರ್ ಎಂಬ ಜಾಲತಾಣ ತೆರೆಯಿತು. ಅಲ್ಲಿಯ ಕತೆಗಳನ್ನು ಯಾರು ಬೇಕಾದರೂ ದುಡ್ಡು ಕೊಡದೆ ಓದಬಹುದು, ಇಳಿಸಿಕೊಳ್ಳಬಹುದು, ಮುದ್ರಿಸಬಹುದು. ತಮ್ಮ ಭಾಷೆಗೆ ಅನುವಾದಿಸಿ ಸೇರಿಸಲೂಬಹುದು. ಓದಿನ ಕಷ್ಟಕ್ಕೆ ತಕ್ಕಂತೆ ನಾಲ್ಕು ಹಂತ ಮಾಡಿಟ್ಟಿದ್ದಾರೆ. ಉಪ್ಪಳದಂಥ ಊರಿಗೆ ಇದು ವರ. ಬಹುತೇಕ ಶಾಲೆಗಳಲ್ಲಿ ಪ್ರೊಜೆಕ್ಟರ್ ಇದೆ; ಗೋಡೆಯ ಮೇಲೆ ದೊಡ್ಡದಾಗಿ ಚಿತ್ರ ಹಾಕಿ ಇಡೀ ತರಗತಿ ಒಟ್ಟಿಗೆ ಓದಬಹುದು. ಆದರೆ ಒಂದು ಮಾತು: ಪರದೆಯ ಕತೆ ಕೈಯಲ್ಲಿ ಹಿಡಿದ ಪುಸ್ತಕಕ್ಕೆ ಬದಲಿಯಲ್ಲ. ಆ ಹುಡುಗ ಮೂಲೆಗೆ ಒಯ್ದದ್ದು ಕಾಗದದ ಪುಸ್ತಕವನ್ನು.

ಚೆನ್ನೈನ ತೂಲಿಕಾ ಕನ್ನಡವೂ ಸೇರಿ ಒಂಬತ್ತು ಭಾಷೆಗಳಲ್ಲಿ ಪ್ರಕಟಿಸುತ್ತದೆ. ಒಂದೇ ಕತೆಯ ಕನ್ನಡ ಪ್ರತಿ ಮತ್ತು ಮಲಯಾಳ ಪ್ರತಿ ಎರಡನ್ನೂ ತಂದು ಅಕ್ಕಪಕ್ಕ ಇಟ್ಟುಬಿಡಿ ಎಂದು ಟೀಚರಿಗೆ ಹೇಳಿದೆ. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯದ ಪುಸ್ತಕಗಳಲ್ಲೂ ಹೀಗೆ ಜೋಡಿ ಸಿಗುತ್ತದೆ, ಬೆಲೆಯೂ ಹಗುರ. ಎರಡು ಲಿಪಿ ಬಲ್ಲ ಮಗು ಎರಡನ್ನೂ ತೆರೆದಿಟ್ಟುಕೊಂಡು ಓದುವುದನ್ನು ನೋಡಬೇಕು. ಒಂದರಲ್ಲಿ ಸಿಕ್ಕಿಬಿದ್ದಾಗ ಇನ್ನೊಂದು ಕೈ ಹಿಡಿದೆತ್ತುತ್ತದೆ.

ಐದರಿಂದ ಏಳನೆಯವರಿಗೆ ತಂದ ಪುಸ್ತಕಗಳಲ್ಲಿ ನನ್ನ ಮನಸ್ಸಿಗೆ ಹತ್ತಿರವಾದದ್ದು ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್'. 2023ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆದ ಕಾದಂಬರಿ. ಹಾಲಾಡಿ ಇರುವುದು ಕುಂದಾಪುರದ ಕಡೆ. ಅಲ್ಲಿಯ ಮಳೆಯೂ ನಮ್ಮ ಮಳೆಯೇ, ಅಲ್ಲಿಯ ಅಂಗಳವೂ ನಮ್ಮ ಅಂಗಳವೇ. ಮೈಸೂರು ಸೀಮೆಯ ಕತೆಗಳಲ್ಲಿ ಪರಕೀಯವಾಗಿ ನಿಲ್ಲುವ ಕರಾವಳಿಯ ಮಗುವಿಗೆ ಇಲ್ಲಿ ಕಾಲಿಗೆ ನೆಲ ಸಿಗುತ್ತದೆ.

ಅದರ ಹಿಂದಿನ ವರ್ಷ, 2022ರಲ್ಲಿ, ಇದೇ ಪುರಸ್ಕಾರ ತಮ್ಮಣ್ಣ ಬೀಗಾರರ 'ಬಾವಲಿ ಗುಹೆ'ಗೆ ಬಂತು. ಬೀಗಾರರು ಉತ್ತರ ಕನ್ನಡದ ಸಿದ್ದಾಪುರದವರು, ಮೇಷ್ಟರಾಗಿದ್ದವರು. ತರಗತಿಯಲ್ಲಿ ವರ್ಷಗಟ್ಟಲೆ ಮಕ್ಕಳ ಮಾತು ಕೇಳಿದ ಕಿವಿ ಅವರ ಬರಹದಲ್ಲಿ ಗೊತ್ತಾಗುತ್ತದೆ. ಹೆಸರು ಕೇಳಿಯೇ ಆರನೇ ತರಗತಿಯ ಗಂಡುಮಕ್ಕಳು ಮುಗಿಬಿದ್ದರು. ಗುಹೆ ಎಂದರೆ ಹನ್ನೊಂದು ವರ್ಷದ ಹುಡುಗನಿಗೆ ಬೇರೆ ಶಿಫಾರಸು ಬೇಡ.

ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ' (2021), ಕೃಷ್ಣಮೂರ್ತಿ ಬಿಳಿಗೆರೆಯವರ 'ಛೂಮಂತ್ರಯ್ಯನ ಕಥೆಗಳು' (2024), ಕೆ. ಶಿವಲಿಂಗಪ್ಪ ಹಂದಿಹಾಳು ಅವರ 'ನೋಟ್ ಬುಕ್' (2025) ಇವೂ ಅದೇ ಪುರಸ್ಕಾರದ ಸಾಲಿನವು. ಧಾರವಾಡ, ತುಮಕೂರು, ಬಳ್ಳಾರಿ ಕಡೆಯ ಕನ್ನಡ ಇವುಗಳ ಬೆನ್ನಿಗಿದೆ. ಕರಾವಳಿಯ ಪುಸ್ತಕದ ಜೊತೆ ಇವನ್ನೂ ಬೇಕೆಂದೇ ತಂದೆ. ಕನ್ನಡ ಎಂದರೆ ಒಂದೇ ಬಗೆಯ ಕನ್ನಡ ಅಲ್ಲ ಎಂದು ತಿಳಿದ ಮಗುವಿಗೆ ತನ್ನ ಉಪ್ಪಳದ ಕನ್ನಡದ ಬಗ್ಗೆ ನಾಚಿಕೆ ಆಗುವುದಿಲ್ಲ. 'ಉಂಟು' ಎಂದು ಹೇಳಿ ತುಟಿ ಕಚ್ಚಬೇಕಾಗುವುದಿಲ್ಲ.

ಹೈಸ್ಕೂಲಿನವರಿಗೆ ಎರಡು ದೊಡ್ಡ ಬದುಕಿನ ಕತೆ. ಪುತ್ತೂರಿನ ಬೊಳುವಾರಿನಿಂದ ಬಂದ ಬೊಳುವಾರು ಮಹಮದ್ ಕುಂಞಿಯವರು ಗಾಂಧಿಯ ಬಾಲ್ಯದಿಂದ ಹೊರಟು ಬರೆದ 'ಪಾಪು ಗಾಂಧಿ ಗಾಂಧಿ ಬಾಪು ಆದ ಕತೆ' 2010ರಲ್ಲಿ, ಪುರಸ್ಕಾರ ಆರಂಭವಾದ ವರ್ಷವೇ, ಕನ್ನಡಕ್ಕೆ ಗೌರವ ತಂದಿತು. ಹತ್ತು ವರ್ಷದ ಮೇಲೆ, 2020ರಲ್ಲಿ, ಎಚ್.ಎಸ್. ಬ್ಯಾಕೋಡರ 'ನಾನು ಅಂಬೇಡ್ಕರ್' ಅದನ್ನೇ ಪಡೆಯಿತು. ಎರಡನ್ನೂ ಒಟ್ಟಿಗೆ ಕೊಡಿ, ಒಂದನ್ನೇ ಅಲ್ಲ. ಪೂರ್ಣಚಂದ್ರ ತೇಜಸ್ವಿಯವರ 'ಪರಿಸರದ ಕತೆ' ಹೊಸದಲ್ಲ. ಆದರೂ ಇಲ್ಲದ ಕಪಾಟು ಇರಬಾರದು. ಎಂಟನೆಯ ತರಗತಿಯ ಹುಡುಗರನ್ನು ಮೊಬೈಲಿನಿಂದ ಎಳೆದು ತರುವ ಶಕ್ತಿ ಅದಕ್ಕೆ ಇವತ್ತಿಗೂ ಇದೆ.

ಇನ್ನೊಂದು ಹಳೆಯದನ್ನು ತಂದದ್ದು ಮಕ್ಕಳಿಗಿಂತ ಹೆಚ್ಚಾಗಿ ದೊಡ್ಡವರಿಗಾಗಿ. ಜಪಾನಿನ ತೆತ್ಸುಕೋ ಕುರೊಯನಾಗಿ ಅವರ 'ತೊತ್ತೋ-ಚಾನ್', ವಿ. ಗಾಯತ್ರಿಯವರ ಕನ್ನಡದಲ್ಲಿ. ರೈಲಿನ ಹಳೇ ಬೋಗಿಗಳಲ್ಲಿ ನಡೆಯುವ ಆ ಶಾಲೆಗೆ ಒಂದು ರಾತ್ರಿ ಹೊಸ ಬೋಗಿ ಬರುತ್ತದೆ. ಅದು ಹೇಗೆ ಬರುತ್ತದೆಂದು ನೋಡಲು ಮಕ್ಕಳು ಹಾಸಿಗೆ ಹೊದಿಕೆ ಹೊತ್ತು ಶಾಲೆಯಲ್ಲೇ ಮಲಗುತ್ತಾರೆ. ಬಂದ ಬೋಗಿ ಗ್ರಂಥಾಲಯವಾಗುತ್ತದೆ. ಯಾವ ತರಗತಿಯವರು ಯಾವ ಪುಸ್ತಕವನ್ನಾದರೂ ಓದಬಹುದು, ಮನೆಗೂ ಒಯ್ಯಬಹುದು ಎನ್ನುತ್ತಾರೆ ಮುಖ್ಯೋಪಾಧ್ಯಾಯರು. ಉಪ್ಪಳದ ಮಕ್ಕಳು ದಿನಕ್ಕೆ ಎಷ್ಟೋ ಸಲ ರೈಲಿನ ಸದ್ದು ಕೇಳುವವರು. ಆ ಪುಟಗಳನ್ನು ಓದಿದಾಗ ಹೊರಗೆ ನಿಜವಾಗಿಯೇ ಒಂದು ಗಾಡಿ ಕೂಗುತ್ತ ಹೋಯಿತು. ಇಡೀ ತರಗತಿ ಕಿಟಕಿಯ ಕಡೆ ತಿರುಗಿತು.

ಕೊಟ್ಟಾಯದಿಂದ ಬಂದ ಡಿಂಗ

ಕನ್ನಡದ ಒಂದು ತಲೆಮಾರು ಕಾದು ಕೂತು ಓದಿದ 'ಬಾಲಮಂಗಳ' ಕೇರಳದ ಮಂಗಳಂ ಬಳಗದ ಪತ್ರಿಕೆ. ಆ ಸಂಸ್ಥೆಯ ನೆಲೆ ಕೊಟ್ಟಾಯ. ಅದರ ಚಿತ್ರಕತೆಯ ನಾಯಕ, ಮಲಯಾಳದ ಡಿಂಕನ್, ಕನ್ನಡದಲ್ಲಿ 'ಡಿಂಗ'ನಾಗಿ ಬೀದರಿನವರೆಗೂ ಹಾರಿದ. ಮಕ್ಕಳ ಓದು ಕೇರಳದಿಂದ ಕನ್ನಡನಾಡಿಗೆ ಗಡಿ ದಾಟಿ ಹೋದ ಕಾಲವದು. ಪತ್ರಿಕೆ ಈಗ ಇಲ್ಲ.

ಆಮೇಲೆ ಹಾಗೆ ಗಡಿ ದಾಟಿದ್ದು ಸಿನಿಮಾ. ಕಾಸರಗೋಡಿನ ಕನ್ನಡ ಶಾಲೆಯ ಕತೆ ಕನ್ನಡದವರಿಗೆಲ್ಲ ಮುಟ್ಟಿದ್ದು 2018ರಲ್ಲಿ, ರಿಷಬ್ ಶೆಟ್ಟಿಯವರ 'ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ' ಸಿನಿಮಾದಿಂದ. ಅದಕ್ಕೆ ಅತ್ಯುತ್ತಮ ಮಕ್ಕಳ ಚಿತ್ರದ ರಾಷ್ಟ್ರಪ್ರಶಸ್ತಿ ಬಂತು.

ಬೇಡವಾದ ದಾನ

ಕಪಾಟಿನ ಕೆಳಗಿನ ಎರಡು ಅರೆಗಳಲ್ಲಿ ದಾನವಾಗಿ ಬಂದ ಪುಸ್ತಕಗಳಿದ್ದವು. ಹಳೆಯ ಗೈಡುಗಳು, ಯಾರದೋ ಅಭಿನಂದನ ಗ್ರಂಥ, ವ್ಯಕ್ತಿತ್ವ ವಿಕಸನ, ಒಂದೇ ನೀತಿಕತೆ ಪುಸ್ತಕದ ಹದಿನೈದು ಪ್ರತಿ. ಕೊಟ್ಟವರ ಮನಸ್ಸು ದೊಡ್ಡದು, ಅದರಲ್ಲಿ ಸಂಶಯವಿಲ್ಲ. ಆದರೆ ಮಗುವಿನ ಕೈಗೆ ಬಂದ ಮೊದಲ ಕನ್ನಡ ಪುಸ್ತಕವೇ ಹಳದಿಯಾಗಿ, ಸಣ್ಣ ಅಕ್ಷರದ್ದಾಗಿ, ಕತೆ ಮುಗಿಯುವಲ್ಲಿ ಚೌಕಟ್ಟು ಹಾಕಿ 'ನೀತಿ' ಬರೆದದ್ದಾಗಿದ್ದರೆ, ಅದು ಎರಡನೆಯದನ್ನು ಕೇಳಲು ಬರುವುದಿಲ್ಲ.

ಊರ ಕ್ಲಬ್ಬಿನವರು, ಗಲ್ಫಿನಲ್ಲಿರುವ ಹಳೆ ವಿದ್ಯಾರ್ಥಿಗಳು, ಪಿ.ಟಿ.ಎ.ಯವರು ಪುಸ್ತಕ ಕೊಡಲು ಬಯಸಿದರೆ ದಯವಿಟ್ಟು ಟೀಚರನ್ನು ಕೇಳಿಯೇ ಕೊಡಿ. ಹುಟ್ಟುಹಬ್ಬಕ್ಕೆ ಮಿಠಾಯಿ ಹಂಚುವ ಬದಲು ಒಂದು ಪುಸ್ತಕ ಕೊಡುವ ರೂಢಿ ಅನೇಕ ಶಾಲೆಗಳಲ್ಲಿದೆ. ಆ ಪುಸ್ತಕ ಮಗುವೇ ಆರಿಸಿದ್ದಾಗಿರಲಿ. ಒಳ್ಳೆಯ ಪುಸ್ತಕವಾದರೆ ಒಂದೇ ಪ್ರತಿ ತರಬೇಡಿ, ಮೂರು ತನ್ನಿ. ಇಬ್ಬರು ಗೆಳತಿಯರು ಒಂದೇ ವಾರ ಒಂದೇ ಕತೆ ಓದಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಮಾತಾಡಲು ವಿಷಯ ಸಿಗುತ್ತದೆ, ಮೂರನೆಯವಳಿಗೆ ಹೊಟ್ಟೆಕಿಚ್ಚಾಗುತ್ತದೆ. ಅಷ್ಟು ಒಳ್ಳೆಯ ಪ್ರಚಾರ ಬೇರೆ ಇಲ್ಲ.

ಮತ್ತೆ ದಿನಕ್ಕೆ ಹತ್ತು ನಿಮಿಷ ಟೀಚರ್ ಗಟ್ಟಿಯಾಗಿ ಓದಲಿ. ಟಿಪ್ಪಣಿ ಬರೆಸುವುದು ಬೇಡ, ಪ್ರಶ್ನೆ ಬೇಡ. ಮನೆಯಲ್ಲಿ ಕನ್ನಡ ಕೇಳದ ಮಗುವಿಗೆ ವಾಕ್ಯದ ಏರಿಳಿತ ಕಿವಿಯಿಂದಲೇ ಬರಬೇಕು. ಕಣ್ಣಿನ ಓದು ಅದರ ಹಿಂದೆ ಬರುತ್ತದೆ. ಯಕ್ಷಗಾನದ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಇಲ್ಲಿಂದ ನಾಲ್ಕು ಹೆಜ್ಜೆ. ತಾಳಮದ್ದಳೆ ಕೇಳಿಯೇ ಕನ್ನಡ ಕಲಿತ ಅಜ್ಜಂದಿರು ಈ ಊರಿನ ಮನೆಮನೆಯಲ್ಲಿದ್ದರು. ತುಳು ಮಾತನಾಡುವ ಕೃಷಿಕ ಅರ್ಥಗಾರಿಕೆಗೆ ಕೂತರೆ ಹಳಗನ್ನಡದ ಹತ್ತಿರದ ಕನ್ನಡ ನುಡಿಯುತ್ತಿದ್ದ. ಕಿವಿಗೆ ಬಿದ್ದ ಭಾಷೆಯ ಬಲ ಅದು.

ಕೊನೆಯ ಹಾಳೆ

ಮಧ್ಯಾಹ್ನದ ಹೊತ್ತಿಗೆ ಚೀಲ ಖಾಲಿಯಾಯಿತು. ಟೀಚರ್ ಪ್ರತಿ ಪುಸ್ತಕದ ಹಿಂರಟ್ಟಿನ ಒಳಗೆ ಒಂದು ಬಿಳಿ ಹಾಳೆ ಅಂಟಿಸಿದರು. ಇದು ಅವರದೇ ಪದ್ಧತಿ. ಪುಸ್ತಕ ಓದಿದ ಮಗು ಅದರಲ್ಲಿಯ ಒಂದು ಪದ ಆರಿಸಿ, ಮನೆಯಲ್ಲಿ ಅದಕ್ಕೆ ಏನು ಹೇಳುತ್ತಾರೋ ಅದನ್ನು ಕನ್ನಡ ಲಿಪಿಯಲ್ಲಿ ಬರೆಯಬೇಕು. ಕಳೆದ ವರ್ಷದ ಒಂದು ಪುಸ್ತಕದ ಹಾಳೆ ತೋರಿಸಿದರು. 'ಮಳೆ' ಎಂಬ ಪದದ ಮುಂದೆ ಬೇರೆ ಬೇರೆ ಕೈಬರಹದಲ್ಲಿ ಬರ್ಸ, ಪಾವ್ಸು, ಬಾರಿಶ್, ಮಳ. ಒಂದು ಪೆನ್ಸಿಲಿನದು, ಒಂದು ನೀಲಿ ಶಾಯಿಯದು, ಒಂದು ನೀರು ಬಿದ್ದು ಹರಡಿದ್ದು.

ಮೂರೂವರೆಗೆ ಗಂಟೆ ಬಾರಿಸುವ ಮೊದಲು ಸಾಲು ನಿಲ್ಲಿಸಿ ಪುಸ್ತಕ ಕೊಟ್ಟರು. ಸ್ಟಾಕ್ ರಿಜಿಸ್ಟರ್ ಕಪಾಟಿನಲ್ಲೇ ಇತ್ತು. ಮಕ್ಕಳ ನೋಟ್‌ಬುಕ್ಕೊಂದನ್ನು ಅಡ್ಡ ಗೆರೆ ಎಳೆದು ಎರವಲು ಪುಸ್ತಕ ಮಾಡಿದ್ದರು. ಹೆಸರು ಬರೆದುಕೊಳ್ಳುವವರು ಏಳನೆಯ ತರಗತಿಯ ಇಬ್ಬರು ಹುಡುಗಿಯರು. ಪ್ರತಿ ಪುಸ್ತಕಕ್ಕೂ ಮಳೆಗೆ ಒಂದು ಪ್ಲಾಸ್ಟಿಕ್ ತೊಟ್ಟೆ.

ಸೂರಕ್ಕಿಯ ಹುಡುಗಿ ತನ್ನ ಪುಸ್ತಕವನ್ನು ತೊಟ್ಟೆಗೆ ಹಾಕುವ ಮೊದಲು ಹಿಂರಟ್ಟು ತೆರೆದು ನೋಡಿದಳು. ಹಾಳೆ ಖಾಲಿ. ಟೀಚರ್ ಅವಳಿಗಾಗಿ ಮೇಲೆ 'ಸೂರಕ್ಕಿ' ಎಂದಷ್ಟೇ ಬರೆದಿದ್ದರು.

"ನಿಮ್ಮಲ್ಲಿ ಏನು ಹೇಳುವುದು ಇದಕ್ಕೆ?"

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ಹಕ್ಕಿ ಗೊತ್ತು, ಗೂಡು ಗೊತ್ತು, ಹೆಸರು ನೆನಪಿಗೆ ಬರಲಿಲ್ಲ.

"ಅಜ್ಜಿಯ ಹತ್ತಿರ ಕೇಳಿ ಬರ್ತೇನೆ, ಟೀಚರ್" ಎಂದು ಕೊಡೆ ಬಿಡಿಸಿ ಮಳೆಗೆ ಇಳಿದಳು.